ಗುಂಡು ಅಂದರೆ ಯಾರದೂ ತಕರಾರಿಲ್ಲ

12 ನವೆಂಬರ್ 2024, ಮಂಗಳವಾರ

ಮೂವತ್ತೊಂದು ವರ್ಷದಿಂದ ಅಂಗನವಾಡಿಯಲ್ಲಿ ರಿಜಿಸ್ಟರು ಬರೆಯುತ್ತಿದ್ದೇನೆ. ಹಾಜರಿಗೊಂದು, ಮೊಟ್ಟೆಗೊಂದು, ತೂಕಕ್ಕೊಂದು, ಚುಚ್ಚುಮದ್ದಿಗೊಂದು. ಎಲ್ಲವನ್ನೂ ಮೇಲ್ವಿಚಾರಕಿ ಬಂದು ನೋಡಿ, ಕೆಂಪು ಶಾಯಿಯಲ್ಲಿ ಗೀಚಿ ಹೋಗುತ್ತಾರೆ. ಈ ಪುಸ್ತಕವನ್ನು ಮಾತ್ರ ಯಾರೂ ನೋಡುವಂತಿಲ್ಲ. ಇವತ್ತಿನ ವಿಷಯ ಯಾರಿಗೂ ಹೇಳಕೂಡದೆಂದು ಅಳಿಯಂದಿರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಬಾಯಿ ಕಟ್ಟಿದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಪ್ರಮೋದಾಗೆ ಬೆಳಿಗ್ಗೆ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಚೊಚ್ಚಲು. ಹೇಳಿದ ದಿನಕ್ಕಿಂತ ಹತ್ತು ದಿನ ಮುಂಚೆಯೇ. ತೂಕ ಎರಡು ಕೆಜಿ ಒಂಬೈನೂರು. ಮಗು ಹುಟ್ಟುತ್ತಲೇ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸುವಂತೆ ಅತ್ತಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಮಗುವನ್ನು ಒರೆಸುತ್ತಿದ್ದ ನರ್ಸು ಇನ್ನೊಬ್ಬ ನರ್ಸನ್ನು ಕರೆದಳು. ಇಬ್ಬರೂ ಸೇರಿ ಡಾಕ್ಟರಮ್ಮನನ್ನು ಕರೆದರು. ಮೂವರೂ ಬಗ್ಗಿ ನೋಡುತ್ತಲೇ ನಿಂತರು.

"ಏನ್ ಮಗು ಡಾಕ್ಟ್ರೇ?" ಅಂದೆ.

"ಆರೋಗ್ಯವಾಗಿದೆ ಅಮ್ಮ."

"ಅದಲ್ಲ. ಗಂಡಾ, ಹೆಣ್ಣಾ?"

"ಈಗ್ಲೇ ಹೇಳೋಕಾಗಲ್ಲ. ಒಂದಷ್ಟು ಟೆಸ್ಟ್ ಮಾಡ್ಬೇಕು."

"ಅದಕ್ ಟೆಸ್ಟ್ ಯಾಕ್ರೀ? ಕಣ್ಣಲ್ ನೋಡಿದ್ರೆ ಗೊತ್ತಾಗಲ್ವಾ? ಕೊಡಿ ಇಲ್ಲಿ, ಸಾವಿರಾರು ಮಕ್ಕಳನ್ನ ನೋಡಿದೀನಿ ನಾನು."

ಕೊಟ್ಟರು. ನೋಡಿದೆ. ಗೊತ್ತಾಗಲಿಲ್ಲ.

ಗಂಡು ಅನ್ನೋಣವೆಂದರೆ ಇರಬೇಕಾದ್ದು ಪೂರ್ತಿ ಇಲ್ಲ. ಹೆಣ್ಣು ಅನ್ನೋಣವೆಂದರೆ ಇರಬಾರದ್ದು ಸ್ವಲ್ಪ ಇದೆ. ಸಾವಿರಕ್ಕೋ ಹತ್ತು ಸಾವಿರಕ್ಕೋ ಒಂದು ಮಗು ಹೀಗೆ ಹುಟ್ಟುತ್ತದಂತೆ, ಯಾರ ತಪ್ಪೂ ಅಲ್ಲವಂತೆ. "ಹೆಸರಿಡಬೇಡಿ, ಯಾರಿಗೂ ಗಂಡು ಅಂತಾನೋ ಹೆಣ್ಣು ಅಂತಾನೋ ಹೇಳ್ಬೇಡಿ. ನಾಳೇನೇ ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಎಂದು ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು.

ಅಳಿಯ ಬೈರೇಶ್ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಿಂದ ಯೂನಿಫಾರ್ಮಿನಲ್ಲೇ ಬಂದರು. ಮಗುವನ್ನು ಒಂದು ನಿಮಿಷ ನೋಡಿ, ನನ್ನನ್ನು ಮೂಲೆಗೆ ಕರೆದು, "ಅತ್ತೆ, ನಿಮ್ ಕಾಲಿಗ್ ಬೀಳ್ತೀನಿ. ಯಾರಿಗೂ ಹೇಳ್ಬೇಡಿ, ನಮ್ಮಮ್ಮಂಗಂತೂ ಬೇಡ್ವೇ ಬೇಡ" ಎಂದರು.

ಹೇಳುವುದೇ? ಬೂದಿಗೆರೆಯ ದ್ಯಾವಮ್ಮನಿಗೆ? ಆ ಯಮ್ಮ ಮದುವೆ ಊಟಕ್ಕೆ ಕೂತು, ಎಲೆ ಹರಿದಿದೆ ಎಂದು ಮೂರು ಸಲ ಎಲೆ ಬದಲಾಯಿಸಿದ ಹೆಂಗಸು. ದೇವರು ದೊಡ್ಡವನು, ಈಗ ಹೆಂಗಸರ ಗುಂಪಿನ ಜೊತೆ ಕಾಶಿಯಾತ್ರೆಗೆ ಹೋಗಿದ್ದಾಳೆ. ಮುಂದಿನ ವಾರದವರೆಗೂ ಬರುವುದಿಲ್ಲ.

13 ನವೆಂಬರ್, ಬುಧವಾರ

ಬೆಂಗಳೂರು. ಮಕ್ಕಳ ಆಸ್ಪತ್ರೆ. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ದೊಡ್ಡ ಬೋರ್ಡು: ಇಲ್ಲಿ ಮಗು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ, ಕೇಳುವುದೂ ಅಪರಾಧ. ನಾನು ಚೀಟಿ ಹಿಡಿದು ಅಲ್ಲೇ ನಿಂತುಬಿಟ್ಟೆ. ನಾವು ಬಂದಿರುವುದೇ ಅದನ್ನು ಕೇಳುವುದಕ್ಕೆ.

"ಒಳಗ್ ಬನ್ನಿ ಅಮ್ಮ, ಅದು ಹುಟ್ಟೋಕ್ ಮುಂಚೆ ಕೇಳೋರಿಗೆ" ಎಂದಳು ಸ್ಕ್ಯಾನಿನ ಹುಡುಗಿ. ಅಷ್ಟು ಹೊತ್ತು ಹೊಟ್ಟೆಯ ಮೇಲೆ ಲೋಳೆ ಸವರಿ ನೋಡಿದರೂ ಕರುಳಿನ ಗಾಳಿ ಅಡ್ಡ ಬಂದು ಏನೂ ಸ್ಪಷ್ಟವಾಗಲಿಲ್ಲ. ನಮ್ಮ ಮನೆಯವರ ಗುಣವೇ ಅದು, ಗಾಳಿ.

ಇಬ್ಬರು ಡಾಕ್ಟರು. ಒಬ್ಬರು ಹಾರ್ಮೋನಿನವರು, ಸಂಘಮಿತ್ರ ಅಂತ, ಚಿಕ್ಕ ವಯಸ್ಸಿನವರು, ಮಾತು ಖಡಕ್ಕು. ಇನ್ನೊಬ್ಬರು ಮಕ್ಕಳ ಆಪರೇಷನ್ ಡಾಕ್ಟರು, ರವಿಚಂದ್ರ. ಇವರು ಮಗುವನ್ನು ಮುಟ್ಟುವ ಮೊದಲು ತಮ್ಮ ಎರಡೂ ಕೈ ಉಜ್ಜಿ ಬಿಸಿ ಮಾಡಿಕೊಂಡರು. ಅದೊಂದು ನನಗೆ ಹಿಡಿಸಿತು. ತೊಡೆಯ ಸಂದಿಯಲ್ಲಿ ಎರಡು ಬೆರಳಿಟ್ಟು ಹುಡುಕಿ, "ಬೀಜ ಕೈಗೆ ಸಿಗ್ತಿಲ್ಲ" ಎಂದು ಬರೆಸಿದರು. ಉಚ್ಚೆ ಎಲ್ಲಿಂದ ಬರುತ್ತದೆ ಎಂದು ನೋಡಲು ಕಾದು ಕೂತರು. ಇಪ್ಪತ್ತು ನಿಮಿಷ! ಅಷ್ಟು ಓದಿದ ಮನುಷ್ಯ ನನ್ನ ಮೊಮ್ಮಗುವಿನ ಉಚ್ಚೆಗೆ ಕಾದು ಕೂತಿದ್ದನ್ನು ಯಾರಿಗಾದರೂ ಹೇಳಿಕೊಳ್ಳುವ ಹಾಗಿದ್ದರೆ!

ನಾಲ್ಕು ದಿನ ವಾರ್ಡಿನಲ್ಲಿ ಇರಬೇಕಂತೆ.

14 ನವೆಂಬರ್, ಗುರುವಾರ

ಮಕ್ಕಳ ದಿನಾಚರಣೆ. ಅಂಗನವಾಡಿಯಲ್ಲಿ ಸಹಾಯಕಿಯೇ ಚಾಕೊಲೇಟು ಹಂಚಿರುತ್ತಾಳೆ. ಇಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಗುಲಾಬಿ ಬಟ್ಟೆ ತಂದವರು ಒಬ್ಬರು, ನೀಲಿ ಬಟ್ಟೆ ತಂದವರು ಒಬ್ಬರು, ನಮ್ಮದಕ್ಕೆ ಹಳದಿ. ಹಿಮ್ಮಡಿಯಿಂದ ರಕ್ತ ತೆಗೆದಾಗ ಅದು ಅತ್ತಿದ್ದನ್ನು ಕೇಳಲಾಗದೆ ಬೈರೇಶ್ ಮೂರು ಮಹಡಿ ಇಳಿದು ಹೋದರು.

16 ನವೆಂಬರ್, ಶನಿವಾರ

ಹೆಸರಿಡುವಂತಿಲ್ಲ, ಆದರೆ ಏನಾದರೂ ಕರೆಯಲೇಬೇಕಲ್ಲ. ಬೈರೇಶ್ "ಗುಂಡ" ಅಂದರು. ನಾನು, ಮುದ್ದಿಗೆ, "ಗುಂಡಿ" ಅಂದೆ. ಪ್ರಮೋದಾ ಮಲಗಿದ್ದಲ್ಲಿಂದಲೇ ಹೇಳಿದಳು: "ಇಬ್ರೂ ಸುಮ್ನಿರಿ. ಗುಂಡ ಅಂದ್ರೆ ಗಂಡು, ಗುಂಡಿ ಅಂದ್ರೆ ಹೆಣ್ಣು. ಗುಂಡು ಅಂದ್ರೆ ಯಾರದೂ ತಕರಾರಿಲ್ಲ."

ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದಕ್ಕೆ ಒಂದು ಉಪಯೋಗವಾಯಿತು.

17 ನವೆಂಬರ್, ಭಾನುವಾರ

ಊರಿಗೆ ಬಂದೆವು, ದೊಡ್ಡಬೆಳವಂಗಲಕ್ಕೆ. ಹಾರ್ಮೋನಿನ ರಿಪೋರ್ಟು ಬಂದಿಲ್ಲ, ಕ್ರೋಮೋಸೋಮಿನದು ಇನ್ನೂ ತಡವಂತೆ. ಡಾಕ್ಟರ್ ಸಂಘಮಿತ್ರ ಇನ್ನೊಂದು ವಾರ ಇರಿ ಎಂದು ಹಟ ಹಿಡಿದರು. "ಈ ಥರ ಮಕ್ಕಳಲ್ಲಿ ಕೆಲವಕ್ಕೆ ಎರಡನೇ ವಾರದಲ್ಲಿ ಮೈಯಿನ ಉಪ್ಪೆಲ್ಲ ಉಚ್ಚೇಲೇ ಹೋಗ್ಬಿಡುತ್ತೆ. ಹುಷಾರಾಗಿರ್ಬೇಕು" ಎಂದರು. "ನಾನೇ ಅಂಗನವಾಡಿ ಟೀಚರ್ರು. ಮೂವತ್ತೊಂದು ವರ್ಷದ ಸರ್ವೀಸು" ಎಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, "ಹಾಗಾದ್ರೆ ಬುಧವಾರ ರಕ್ತದ ಟೆಸ್ಟಿಗೆ ತಪ್ಪಿಸ್ಬೇಡಿ. ವಾಂತಿ ಆದ್ರೆ, ಹಾಲು ಬಿಟ್ರೆ, ತಕ್ಷಣ ಬನ್ನಿ" ಎಂದರು.

ಬಸ್ಸಿಳಿದು ಮನೆ ಮುಟ್ಟುತ್ತಿದ್ದ ಹಾಗೆಯೇ ಎದುರುಮನೆಯ ಮುನಿಗಂಗಮ್ಮ ಪ್ರತ್ಯಕ್ಷ.

"ಏನ್ ಮಗು ಲಕ್ಷ್ಮೀದೇವಮ್ಮ?"

"ಒಳ್ಳೆ ಮಗು."

"ಒಳ್ಳೇದೇ ಬಿಡು. ಯಾವ್ದು?"

"ನಮ್ ಪ್ರಮೋದಂದು."

ಅಷ್ಟರಲ್ಲಿ ಮಗು ಅತ್ತಿತು, ನಾನು ಒಳಗೆ ಓಡಿದೆ. ಇವತ್ತು ಒಂದು ಮಾತು ಹೊಳೆಯಿತು. ನಮ್ಮ ಭಾಷೆ ಪುಣ್ಯದ ಭಾಷೆ. ಮಗು ಬಂತು, ಮಗು ಮಲಗಿತು, ಮಗು ಹಾಲು ಕುಡಿಯಿತು. ಎಲ್ಲಿಯೂ ಸಿಕ್ಕಿಬೀಳುವ ಭಯವಿಲ್ಲ. ಹಿಂದಿ ಮಾತಾಡುವವರಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ಸಿಕ್ಕಿಬೀಳುತ್ತಿದ್ದೆ.

19 ನವೆಂಬರ್, ಮಂಗಳವಾರ

ಮೊನ್ನೆ ರಾತ್ರಿ, ರೈಲು ಹತ್ತುವ ಮುಂಚೆ, ಕಾಶಿಯಿಂದ ಆ ಯಮ್ಮನ ಫೋನು. ಅದು ಆರನೆಯದು. "ನನ್ ಮಗ ಸರ್ಯಾಗಿ ಹೇಳ್ತಿಲ್ಲ, ನೀವಾದ್ರೂ ಹೇಳ್ರೀ, ಏನ್ ಮಗು?" ನಾನು "ಹಲೋ? ಹಲೋ? ಗಂಗಾರತಿ ಸದ್ದು ಬೀಗರೇ, ಏನೂ ಕೇಳ್ತಿಲ್ಲ" ಎಂದೆ. "ನಾನು ರೂಮಲ್ಲಿದೀನಿ ಕಣಮ್ಮ!" ಎಂದಳು. ಇಟ್ಟುಬಿಟ್ಟೆ. ನಾಳೆ, ಬುಧವಾರ, ಬೆಳಿಗ್ಗೆ ರೈಲು ಬರುತ್ತದಂತೆ. ಸ್ಟೇಷನ್ನಿನಿಂದ ನೇರ ಇಲ್ಲಿಗೇ ಬರುತ್ತಾಳಂತೆ.

ಇನ್ನೊಂದು ಪೀಡೆ. ಈ ಊರಿನ ಮಕ್ಕಳನ್ನೆಲ್ಲ ಇಲಾಖೆಯ ಮೊಬೈಲಿಗೆ ಏರಿಸುವವಳು ನಾನೇ ತಾನೆ? ಗುಂಡುವಿನ ತೂಕ, ತಾಯಿಯ ಹೆಸರು, ಹುಟ್ಟಿದ ದಿನ, ಎಲ್ಲ ತುಂಬಿದೆ. ಲಿಂಗದ ಕಾಲಮ್ಮಿಗೆ ಬಂದು ನಿಂತಿತು. ಬಿಟ್ಟು ಮುಂದಕ್ಕೆ ಹೋದರೆ ಕೆಂಪಗೆ ಬೈಯುತ್ತದೆ. ಕೆಳಗೆ ‘ಇತರೆ’ ಅಂತ ಇನ್ನೊಂದು ಇತ್ತು. ಬೇಳೆಕಾಳಿನ ಪಟ್ಟಿಯಲ್ಲಿ ಬರೆಯುತ್ತೇವಲ್ಲ, ‘ಇತರೆ ಸಾಮಗ್ರಿ’, ಹಾಗೆ. ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದೆ.

ಗುಂಡು ಸಂಜೆ ಎರಡು ಸಲ ಹಾಲು ಕಕ್ಕಿತು. ಪ್ರಮೋದಾ ಗಾಬರಿಯಾದಳು. ಎಲ್ಲ ಮಕ್ಕಳೂ ಕಕ್ಕುತ್ತವೆ ಎಂದು ಹೇಳಿ ಭುಜದ ಮೇಲೆ ಹಾಕಿ ತಟ್ಟಿದೆ.

20 ನವೆಂಬರ್, ಬುಧವಾರ

ರಕ್ತದ ಟೆಸ್ಟಿಗೆ ಹೋಗಲಿಲ್ಲ. ಹೋಗಿದ್ದರೆ ಆ ಯಮ್ಮ ಬೀಗ ಹಾಕಿದ ಮನೆಗೆ ಬಂದು ಮುನಿಗಂಗಮ್ಮನ ಜಗಲಿಯಲ್ಲಿ ಕೂರುತ್ತಿದ್ದಳು. ಅವರಿಬ್ಬರೂ ಸೇರಿದರೆ ಟಿ.ವಿ. ಚಾನೆಲ್ಲೇ ಬೇಡ. ಅದಕ್ಕೆ ಪ್ರಮೋದಾಗೆ, "ಆಸ್ಪತ್ರೆಯಿಂದ ಫೋನ್ ಬಂದಿತ್ತು, ಶುಕ್ರವಾರ ಬಂದ್ರೆ ಸಾಕಂತೆ" ಎಂದೆ. ಇದು ಸುಳ್ಳಲ್ಲ, ಮುಂದೂಡಿಕೆ. ಸರ್ಕಾರವೇ ಎಷ್ಟೆಷ್ಟನ್ನು ಮುಂದೂಡುತ್ತದೆ.

ನೋಡಿದರೆ ರೈಲು ಹದಿಮೂರು ಗಂಟೆ ತಡವಂತೆ. ಬರಲೇ ಇಲ್ಲ.

ಗುಂಡು ಇವತ್ತು ಜಾಣ ಮಗು. ಅಳುವೇ ಇಲ್ಲ, ಬರೀ ನಿದ್ದೆ. ಆಮೇಲೂ ಒಂದೆರಡು ಸಲ ಕಕ್ಕಿದೆ. ದೃಷ್ಟಿಯಾಗಿರಬೇಕು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರಲಿಲ್ಲ, ಅಂದರೆ ದೃಷ್ಟಿ ಜೋರಾಗಿಯೇ ಇದೆ. ಅಂಗನವಾಡಿಯಿಂದ ತಕ್ಕಡಿ ತಂದು ತೂಗಿದರೆ ಹೇಗೆ ಎನ್ನಿಸಿತು. ತಂದರೆ ಮುನಿಗಂಗಮ್ಮ ಕೇಳುತ್ತಾಳೆ. ಬಿಟ್ಟೆ.

21 ನವೆಂಬರ್, ಗುರುವಾರ

ಆಸ್ಪತ್ರೆ. ಐ.ಸಿ.ಯು. ಹೊರಗೆ ಕೂತಿದ್ದೇನೆ.

23 ನವೆಂಬರ್, ಶನಿವಾರ

ಗುರುವಾರ ಬೆಳಿಗ್ಗೆ ದ್ಯಾವಮ್ಮ ಬಂದರು. ಗಂಗೆಯ ತಂಬಿಗೆ, ಕಾಶಿದಾರ, ಒಂದು ಚೀಲ ಬಟ್ಟೆ. ಕಾಲು ತೊಳೆದು, ನಾನು ಕಾಫಿಗೆ ಹಾಲಿಡುವಷ್ಟರಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. "ಶೀತ ಆಗುತ್ತೆ, ಬಿಚ್ಬೇಡಿ" ಎನ್ನುತ್ತಾ ಓಡಿ ಬಂದೆ. ಆಗಲೇ ಪೂರ್ತಿ ಬಿಚ್ಚಿದ್ದರು.

ನಾನು ಗೋಡೆಗೆ ಒರಗಿದೆ. ಈಗ ಕೂಗುತ್ತಾಳೆ, ಈಗ ಎದೆ ಬಡಿದುಕೊಳ್ಳುತ್ತಾಳೆ, ಈಗ ಮಗನಿಗೆ ಫೋನು ಮಾಡುತ್ತಾಳೆ ಎಂದು ಕಾದೆ. ಆ ಹೆಂಗಸು ಅಲ್ಲಿ ನೋಡಿದ್ದು ಒಂದೇ ಕ್ಷಣ. ಆಮೇಲೆ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಚಿವುಟಿ ಎತ್ತಿ ಬಿಟ್ಟರು. ಚರ್ಮ ಎತ್ತಿದ ಹಾಗೆಯೇ ನಿಂತಿತು.

"ಹಾಲ್ ಕುಡ್ದು ಎಷ್ಟೊತ್ತಾಯ್ತು?"

"ಬೆಳಿಗ್ಗೆಯಿಂದ ಕುಡ್ದಿಲ್ಲ ಅತ್ತೆ, ಬಾಯೇ ತೆಗೀತಿಲ್ಲ" ಎಂದಳು ಪ್ರಮೋದಾ.

"ಬೇದಿಯಾದ ಕರು ಹಿಂಗೇ ಒಣಗೋದು. ಕಣ್ ನೋಡ್ರೀ, ಒಳಕ್ ಹೋಗವೆ. ಏಳ್ರೀ, ಯಾರ್ದಾದ್ರೂ ಕಾರ್ ಐತಾ?"

"ಬೀಗರೇ... ಮಗೂಗೆ ಅಲ್ಲಿ..." ಎಂದೆ.

"ಅದೆಲ್ಲೂ ಓಡೋಗಲ್ಲ, ಆಮೇಲ್ ನೋಡನ. ಮೊದ್ಲು ಜೀವ ಕಣಮ್ಮ!"

ಪಕ್ಕದ ಬೀದಿಯ ಅಂಬರೀಶನ ಕಾರಿನಲ್ಲಿ ಹೊರಟೆವು. ಯಲಹಂಕ ದಾಟುವವರೆಗೂ ಅವರು ಮಗುವನ್ನು ತಮ್ಮ ಮೈಗೆ ಅಂಟಿಸಿಕೊಂಡು, ಹೆಸರಿಲ್ಲದ ಅದನ್ನು "ಲೇ ಬಂಗಾರ, ಲೇ ಬಂಗಾರ" ಎಂದು ಕರೆಯುತ್ತಲೇ ಇದ್ದರು.

ತೂಕ ಎರಡು ಕೆಜಿ ನಾನೂರು. ರಕ್ತದಲ್ಲಿ ಉಪ್ಪು ಪಾತಾಳಕ್ಕೆ ಇಳಿದಿತ್ತಂತೆ, ಪೊಟ್ಯಾಸಿಯಂ ಅನ್ನುವುದು ಹೃದಯ ನಿಲ್ಲಿಸುವಷ್ಟು ಏರಿತ್ತಂತೆ. ಡಾಕ್ಟರ್ ಸಂಘಮಿತ್ರ ಎರಡೂ ಕೈಗೆ ಡ್ರಿಪ್ ಹಾಕಿಸುತ್ತಲೇ ಕೇಳಿದರು: "ಬುಧವಾರ ಯಾಕೆ ಬರ್ಲಿಲ್ಲ?"

"ಶುಕ್ರವಾರ ಬರೋಕೆ ನೀವೇ ಹೇಳಿದ್ರಂತಲ್ಲ?" ಎಂದಳು ಪ್ರಮೋದಾ.

"ನಾವಾ? ಇಲ್ವಲ್ಲ."

ಪ್ರಮೋದಾ ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎರಡು ದಿನವಾಯಿತು, ನನ್ನೊಡನೆ ಮಾತಾಡಿಲ್ಲ.

24 ನವೆಂಬರ್, ಭಾನುವಾರ

ಗುಂಡು ಕಣ್ಣು ಬಿಟ್ಟಿತು. ಅತ್ತಿತು. ಬಸ್‌ಸ್ಟ್ಯಾಂಡಿಗೆ ಕೇಳುವಷ್ಟಲ್ಲ, ಬಾಗಿಲಿನವರೆಗೆ.

25 ನವೆಂಬರ್, ಸೋಮವಾರ

ಹಾರ್ಮೋನಿನ ರಿಪೋರ್ಟು ಬಂತು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಒಂದೊಂದು ಗ್ರಂಥಿ ಇರುತ್ತದಂತೆ. ಗುಂಡುವಿನ ಆ ಗ್ರಂಥಿಗೆ ಒಂದು ರಸ ಮಾಡಲು ಬರುವುದಿಲ್ಲವಂತೆ. ಅದನ್ನು ಮಾಡಲಾಗದೆ ಇನ್ನೊಂದನ್ನು ಅತಿಯಾಗಿ ಮಾಡಿದ್ದರಿಂದಲೇ ಹೊಟ್ಟೆಯಲ್ಲಿದ್ದಾಗಲೇ ಹೊರಗಿನ ಆಕಾರ ಹೀಗಾಯಿತಂತೆ. ಮಾತ್ರೆ ಇದೆ. ದಿನಕ್ಕೆ ಮೂರು ಹೊತ್ತು, ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಜೀವ ಇರುವವರೆಗೂ. ಒಂದು ಹೊತ್ತೂ ತಪ್ಪುವಂತಿಲ್ಲ.

ಮತ್ತೆ ಉಪ್ಪು. ಅಡುಗೆ ಉಪ್ಪು! ಅಳೆದು, ನೀರಿನಲ್ಲಿ ಕರಗಿಸಿ, ಹಾಲಿನ ಜೊತೆ. ವರ್ಷ ತುಂಬುವವರೆಗೂ ಮಕ್ಕಳಿಗೆ ಉಪ್ಪು ಮುಟ್ಟಿಸಬೇಡಿ ಎಂದು ಮೂವತ್ತೊಂದು ವರ್ಷ ಊರಿನ ತಾಯಂದಿರಿಗೆಲ್ಲ ಬೈದವಳು ನಾನು. ಒಬ್ಬಳನ್ನು ಅಳಿಸಿಯೂ ಇದ್ದೇನೆ. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ನಕ್ಕರು: "ಅವರಿಗೆ ನೀವ್ ಹೇಳಿದ್ದು ಸರಿ. ಇದಕ್ಕೆ ನಾನ್ ಹೇಳ್ತಿರೋದು ಸರಿ."

ಪ್ರಮೋದಾ ಮಾತ್ರೆ ಕರಗಿಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಕೊಡುವುದನ್ನು ಕಲಿತಳು. ಬೀಗಿತ್ತಿಗೂ ಕಲಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಕಲಿಸಲಿಲ್ಲ.

28 ನವೆಂಬರ್, ಗುರುವಾರ

ಬೀಗಿತ್ತಿಯೂ ನಾನೂ ಹಗಲೆಲ್ಲ ವರಾಂಡದ ಬೆಂಚಿನಲ್ಲಿ. ಇವರು, ಅಂದರೆ ನನ್ನ ಯಜಮಾನರು ಪಿಳ್ಳಪ್ಪನವರು, ಮೊದಲ ಬಸ್ಸಿಗೆ ಮುದ್ದೆ, ಅವರೆಕಾಳು ಸಾರು ತಂದು ಕೊಟ್ಟು, ಮಗುವನ್ನು ಗಾಜಿನಲ್ಲಿ ನೋಡಿ, ಹಸು ಕರೆಯುವ ಹೊತ್ತಿಗೆ ವಾಪಸು ಹೋಗುತ್ತಾರೆ. ಇವರಿಗೆ ನಾನು ಹೇಳಿಕೊಟ್ಟ ಸಾರಿಗೆ ಹುಳಿ ಸಾಲದು ಎಂದರು ಬೀಗಿತ್ತಿ. ಸಾಲದೇ ಹೋಗಿತ್ತು ಅನ್ನಿಸುತ್ತದೆ.

ಬೂದಿಗೆರೆಯಿಂದ ಅವರಿಗೆ ಗಂಟೆಗೊಂದು ಫೋನು. ಎಲ್ಲರದೂ ಒಂದೇ ಪ್ರಶ್ನೆ. ನಾನು ಹತ್ತು ದಿನ ಉಸಿರು ಕಟ್ಟಿ ಮಾಡಿದ ಕೆಲಸವನ್ನು ಅವರು ಕಾಲು ಚಾಚಿಕೊಂಡು ಮಾಡುತ್ತಾರೆ. ಇವತ್ತು ಅವರ ಓರಗಿತ್ತಿ ಕೇಳಿದ್ದಕ್ಕೆ, "ಯಾಕಮ್ಮಿ, ಈಗ್ಲೇ ಸಂಬಂಧ ಬೆಳೆಸ್ಬೇಕಿತ್ತಾ? ಇಪ್ಪತ್ತೈದ್ ವರ್ಷ ಬಿಟ್ಟು ಬಾ, ಜಾತಕ ಕೊಡ್ತೀನಿ" ಎಂದು ಇಟ್ಟರು. ನಾನು ನಕ್ಕು ನಕ್ಕು ನರ್ಸಿನ ಕೈಲಿ ಬೈಸಿಕೊಂಡೆ.

ನಗು ನಿಂತ ಮೇಲೆ ಕೇಳಿದೆ: "ನಿಮಗೆ ಮೊದ್ಲೇ ಹೇಳ್ಲಿಲ್ಲ ಅಂತ ಕೋಪ ಇಲ್ವಾ?"

"ಐತೆ."

ಆಮೇಲೆ ಅವರೇ ಹೇಳಿದರು: "ಬೈರೇಶಂಗಿಂತ ಮೊದ್ಲು ನಂಗೊಂದು ಆಗಿತ್ತು. ಹತ್ತೇ ದಿನ ಇದ್ದಿದ್ದು. ಕಕ್ಕಿ ಕಕ್ಕಿ ಒಣಗೋಯ್ತು. ನಮ್ಮತ್ತೆ ದೃಷ್ಟಿ ಅಂದ್ರು, ಮೆಣಸಿನ್ಕಾಯಿ ಸುಟ್ರು. ಆ ಚರ್ಮ ನನ್ ಬೆರಳಿಗಿನ್ನೂ ನೆಪ್ಪೈತೆ."

ನಾನು ಬುಧವಾರ ಸುಟ್ಟ ಮೆಣಸಿನಕಾಯಿಯ ವಿಷಯ ಹೇಳಿಬಿಟ್ಟೆ. ಬೀಗಿತ್ತಿ ತಮ್ಮ ತಟ್ಟೆಯ ಅರ್ಧ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿದರು.

30 ನವೆಂಬರ್, ಶನಿವಾರ

ತೂಕ ಎರಡು ಕೆಜಿ ಒಂಬೈನೂರು. ಹುಟ್ಟಿದಾಗಿನ ತೂಕಕ್ಕೆ ಮರಳಿತು. ವರಾಂಡದಲ್ಲಿದ್ದ ಎಲ್ಲರಿಗೂ ಬೀಗಿತ್ತಿ ಕಾಶಿಯ ಪ್ರಸಾದ ಹಂಚಿದರು. ಕಲ್ಲುಸಕ್ಕರೆ, ಹಲ್ಲಿಲ್ಲದವರಿಗೆ ಕಷ್ಟ.

3 ಡಿಸೆಂಬರ್, ಮಂಗಳವಾರ

ಇವತ್ತು ಡಾಕ್ಟರ್ ರವಿಚಂದ್ರ ಗುಂಡುವಿಗೆ ಸ್ವಲ್ಪ ಹೊತ್ತು ಮತ್ತು ಬರುವ ಔಷಧಿ ಕೊಟ್ಟು, ಅವರೆಕಾಳಿಗಿಂತ ಸಣ್ಣ ಕಣ್ಣಿನ ದುರ್ಬೀನು ಹಾಕಿ ಒಳಗಿನ ದಾರಿಗಳನ್ನೆಲ್ಲ ನೋಡಿದರು. ಕತ್ತರಿ ಹಾಕುವುದಲ್ಲ, ಬರೀ ನೋಡುವುದು ಎಂದು ಮೂರು ಸಲ ಹೇಳಿದ್ದರು. ಆದರೂ ಬೈರೇಶ್ ರಜೆ ಹಾಕಿ ಬಂದು ಬಾಗಿಲಿಗೆ ಮುಖ ಅಂಟಿಸಿ ನಿಂತಿದ್ದರು. ಹೋದ ತಿಂಗಳು ರಕ್ತ ತೆಗೆಯುವುದನ್ನು ನೋಡಲಾಗದೆ ಓಡಿದ್ದವರು.

ಅರ್ಧ ಗಂಟೆಯ ಮೇಲೆ ಡಾಕ್ಟರು ಹೊರಬಂದು ಚೀಟಿಯ ಹಿಂದೆ ಚಿತ್ರ ಬರೆದರು. ಒಳಗೆ ಎರಡು ದಾರಿ. ಹೊರಗೆ ಬರುವ ಮುಂಚೆ ಎರಡೂ ಕೂಡಿ ಒಂದೇ ಬಾಗಿಲು. ನಾವೆಲ್ಲ ತಲೆಯಾಡಿಸಿದೆವು, ಅರ್ಥವಾಗದವರು ಆಡಿಸುವ ಹಾಗೆ. ಹಿಂದೆ ನಿಂತಿದ್ದ ನಮ್ಮ ಯಜಮಾನರು ಕತ್ತು ಮುಂದೆ ಚಾಚಿ, "ಕಾಲುವೆ ಎರಡು, ತೂಬು ಒಂದು. ಅಷ್ಟೇ ತಾನೆ ಸ್ವಾಮಿ?" ಎಂದರು.

"ಅಷ್ಟೇ ಯಜಮಾನ್ರೇ! ಇನ್ಮೇಲೆ ನಾನೂ ಹಂಗೇ ಹೇಳ್ತೀನಿ" ಎಂದರು ಡಾಕ್ಟರು.

"ನೀರು ನಿಲ್ತಿಲ್ಲ ತಾನೆ ಒಳಗೆ?"

"ನಿಲ್ತಿಲ್ಲ. ಸರಾಗ ಹೋಗ್ತಿದೆ."

"ಹಂಗಾದ್ರೆ ತೂಬಿಗೆ ಯಾಕ್ ಕೈ ಹಾಕ್ಬೇಕು?" ಎಂದು ಹೇಳಿ ಇವರು ಬಸ್ಸಿಗೆ ಹೊರಟುಹೋದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಇವರು ಒಂದೇ ದಿನ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಸೋಮವಾರ ಎಲ್ಲ ರಿಪೋರ್ಟೂ ಒಟ್ಟಿಗೆ ಇಟ್ಟುಕೊಂಡು ಹೇಳುತ್ತಾರಂತೆ.

5 ಡಿಸೆಂಬರ್, ಗುರುವಾರ

ಮನೆಗೆ ಬಂದೆವು. ದ್ಯಾವಕ್ಕನೂ ಚೀಲ ಸಮೇತ ಬಂದಿದ್ದಾರೆ. ಬಾಣಂತನ ತವರಿನದಲ್ಲವೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನಡುಮನೆಯಲ್ಲಿ ನನ್ನ ಚಾಪೆಯ ಪಕ್ಕದಲ್ಲೇ ಅವರ ಚಾಪೆ. ಗೊರಕೆ ಇದೆ. ನನಗೂ ಇದೆ ಎಂದು ಅವರು ಹೇಳುತ್ತಾರೆ.

ಮೊದಲ ಕೆಲಸವಾಗಿ ಅಂಗನವಾಡಿಗೆ ಹೋಗಿ, ಹಾಡಹಗಲು, ಬೀದಿಯ ನಡುವೆಯೇ ತಕ್ಕಡಿ ಹೊತ್ತು ತಂದೆ. ಮುನಿಗಂಗಮ್ಮ ಕೇಳಿದಳು. "ಮೊಮ್ಮಗೂನ ದಿನಾ ತೂಗ್ಬೇಕು" ಎಂದೆ. ಅಷ್ಟೇ. ಅವಳು ತಕ್ಕಡಿಯ ಒಂದು ಕಡೆ ಹಿಡಿದುಕೊಂಡು ಮನೆಯವರೆಗೂ ಬಂದಳು.

ಪ್ರಮೋದಾ ಇನ್ನೂ ಬೇಕಾದ್ದಕ್ಕಷ್ಟೇ ಮಾತಾಡುತ್ತಾಳೆ. ನೀರು ಕಾಯ್ತಾ, ಬಟ್ಟೆ ಒಣಗ್ತಾ, ಅಷ್ಟೆ. ಮಾತ್ರೆ ಡಬ್ಬಿ ಅವಳ ದಿಂಬಿನ ಕೆಳಗೆ.

10 ಡಿಸೆಂಬರ್, ಮಂಗಳವಾರ, ಮಧ್ಯಾಹ್ನ

ಅವಳ ತೂಕ ಇವತ್ತು ಮೂರು ಕೆಜಿ ಮುನ್ನೂರು. ದಿನಕ್ಕೆ ಮೂವತ್ತು ಗ್ರಾಂ ಏರಿದರೆ ಸಾಕು ಎಂದಿದ್ದರು, ಅದಕ್ಕಿಂತ ಹೆಚ್ಚೇ ಆಗಿದೆ. ಉಪ್ಪಿನ ಲೆಕ್ಕದಲ್ಲಿ ದ್ಯಾವಕ್ಕನಿಗೂ ನನಗೂ ಬೆಳಿಗ್ಗೆ ಸಣ್ಣ ಜಗಳ. ಅವರು ಕಲ್ಲುಪ್ಪು ಕುಟ್ಟಿ ಹಾಕೋಣ ಅಂತಾರೆ, ನಾನು ಡಾಕ್ಟರು ಹೇಳಿದ ಪ್ಯಾಕೆಟ್ಟಿನದೇ ಆಗಬೇಕು ಅಂತೀನಿ. ನಾನೇ ಗೆದ್ದೆ.

ನಿನ್ನೆಯದನ್ನು ಬರೆಯಬೇಕು. ಆಸ್ಪತ್ರೆಯಲ್ಲಿ ಒಂದೇ ಕೋಣೆಯಲ್ಲಿ ಇಬ್ಬರೂ ಡಾಕ್ಟರು ಕೂತಿದ್ದರು. ನಮ್ಮ ಕಡೆಯಿಂದ ಐದು ಜನ, ಕುರ್ಚಿ ಮೂರು. ಜ್ವರ ಬಂದರೆ ಮಾತ್ರೆ ಎಷ್ಟು ಹೆಚ್ಚಿಸಬೇಕು, ಕಕ್ಕಿದರೆ ಮತ್ತೆ ಕೊಡಬೇಕೆ, ಮಾತ್ರೆ ಊರಲ್ಲಿ ಸಿಗದಿದ್ದರೆ ಎಲ್ಲಿ ಸಿಗುತ್ತದೆ, ಬೈರೇಶ್ ಹದಿನೇಳು ಪ್ರಶ್ನೆ ಬರೆದುಕೊಂಡು ಬಂದಿದ್ದರು. ಡಾಕ್ಟರ್ ಸಂಘಮಿತ್ರ ಒಂದೊಂದಕ್ಕೂ ಉತ್ತರ ಹೇಳಿದರು.

ಆಮೇಲೆ ಆಪರೇಷನ್ನಿನ ಮಾತು ಬಂತು. ಡಾಕ್ಟರ್ ರವಿಚಂದ್ರ ಹೇಳಿದರು: "ಉಚ್ಚೆ ಸರಾಗ, ಸೋಂಕಿಲ್ಲ, ಕಿಡ್ನಿ ಚೆನ್ನಾಗಿವೆ. ಈಗ ಅವಸರ ಪಟ್ಟು ಮಾಡೋ ಆಪರೇಷನ್ ಯಾವ್ದೂ ಇಲ್ಲ. ಆರು ತಿಂಗಳಿಗೊಂದ್ ಸಲ ತೋರ್ಸಿ. ದೊಡ್ಡವಳಾಗ್ಲಿ, ಆಗ ಬೇಕೋ ಬೇಡ್ವೋ ಅಂತ ಅವಳನ್ನೇ ಕೇಳೋಣ."

"ಅವಳು ಏನೂ ಬೇಡ ಅಂದ್ರೆ?" ಎಂದರು ದ್ಯಾವಕ್ಕ.

"ಬೇಡ ಅಂದ್ರೆ ಬೇಡ."

"ಹಂಗೇ ಆಗ್ಲಿ. ಎರಡು ಗಂಟೆ ಮಾತ್ರೆ ಹಾಲಿಗ್ ಮುಂಚೇನಾ, ಆಮೇಲಾ?"

ಡಾಕ್ಟರ್ ರವಿಚಂದ್ರ ನಮ್ಮೆಲ್ಲರ ಮುಖ ನೋಡಿ, ಕೈಲಿದ್ದ ರಿಪೋರ್ಟನ್ನು ಮೇಜಿನ ಮೇಲಿಟ್ಟರು. "ಕ್ರೋಮೋಸೋಮ್ ರಿಪೋರ್ಟ್ ಬಂದಿದೆ. ಒಳಗೆ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿದೆ. ಹೆಣ್ಣು ಮಗು. ನಾನು ಅವಳು ಅಂದ್ರೂ ನೀವು ಯಾರೂ ಕೇಳ್ಲೇ ಇಲ್ವಲ್ಲ?"

ಬೈರೇಶ್ ತಮ್ಮ ಚೀಟಿಯನ್ನು ಮೇಲಿನಿಂದ ಕೆಳಗೆ ಮತ್ತೆ ಓದಿದರು. ಹದಿನೇಳರಲ್ಲಿ ಅದು ಇರಲಿಲ್ಲ.

"ಊರಲ್ಲಿ ಏನ್ ಹೇಳೋದು ಸಾರ್?" ಎಂದೆ.

"ಏನ್ ಹೇಳ್ಬೇಕಾಗಿದೆ ಅಮ್ಮ? ನಿಮ್ ಮೈ ವಿಷಯ ನೀವು ಊರಿಗೆಲ್ಲಾ ಹೇಳ್ಕೊಂಡ್ ಬರ್ತೀರಾ?"

ಮೊಮ್ಮಗಳಿಗೆ ಮಾತ್ರೆಯಿದೆ, ಉಪ್ಪಿದೆ, ತಕ್ಕಡಿಯಿದೆ, ಅಷ್ಟನ್ನು ಕೇಳಿದವರಿಗೆ ಹೇಳಬಹುದು ಎಂದು ಪ್ರಮೋದಾ ತೀರ್ಮಾನ ಕೊಟ್ಟಳು. ಉಳಿದದ್ದು ಅವಳದ್ದು, ದೊಡ್ಡವಳಾದ ಮೇಲೆ ಹೇಳುವುದಾದರೆ ಅವಳೇ ಹೇಳಲಿ ಎಂದಳು. ಹೆಸರು ಮೋನಿಷಾ. ಅಪ್ಪ ಅಮ್ಮ ಆರಿಸಿದ್ದು. ದ್ಯಾವಕ್ಕನಿಗೆ ಗಂಗಾ ಅಂತ ಇಡುವ ಆಸೆಯಿತ್ತು. ನನಗೂ ಒಂದು ಆಸೆಯಿತ್ತು, ಬರೆಯುವುದಿಲ್ಲ. ಕರೆಯುವುದಂತೂ ಎಲ್ಲರೂ ಗುಂಡು ಅಂತಲೇ.

ಇವತ್ತು ಊಟದ ಮೇಲೆ ದ್ಯಾವಕ್ಕ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದರು. ನಾನು ತೊಟ್ಟಿಲ ಹತ್ತಿರ ಕೂತಿದ್ದೆ. ಪ್ರಮೋದಾ ರಾತ್ರಿಯೆಲ್ಲ ಎದ್ದಿದ್ದವಳು, ಕಣ್ಣು ಕೆಂಪಗಿತ್ತು. ದಿಂಬಿನ ಕೆಳಗಿನಿಂದ ಮಾತ್ರೆ ಡಬ್ಬಿ ತೆಗೆದು ನನ್ನ ಮಡಿಲಲ್ಲಿ ಇಟ್ಟಳು.

"ಅಮ್ಮ, ನಾನ್ ಸ್ವಲ್ಪ ಮಲಗ್ತೀನಿ. ಎರಡ್ ಗಂಟೇದು ನೀನ್ ಕೊಡು."

"ನಂಗ್ ಸಿರಿಂಜ್ ಹಿಡಿಯೋಕೆ..."

"ಹದಿನೈದು ದಿನದಿಂದ ಪಕ್ಕದಲ್ಲೇ ನಿಂತ್ಕೊಂಡು ನೋಡ್ತಿದೀಯಲ್ಲ, ಗೊತ್ತಿಲ್ವಾ?"

ಗೋಡೆ ಕಡೆ ತಿರುಗಿ ಮಲಗಿದಳು. ಈಗ ಒಂದೂ ಐವತ್ತು. ನೀರು ಕಾಸಿ ಆರಿಸಿಟ್ಟಿದ್ದೇನೆ, ಕೈ ಎರಡು ಸಲ ತೊಳೆದಿದ್ದೇನೆ. ಪೆನ್ನು ಹಿಡಿದಿದ್ದರಿಂದ ಇನ್ನೊಂದು ಸಲ ತೊಳೆಯಬೇಕು.